ಬೊರ್ನಾಲಿನ ಎರಡನೆಯ ಜೀವ

ಬೊರ್ನಾಲ್, 9 ನವೆಂಬರ್ 1908

ಪ್ರೀತಿಯ ದೀನು,

ಅಪ್ಪ ಹೋಗಿ ಇವತ್ತಿಗೆ ನಾಲ್ಕು ವಾರ. ನೀನು ಮಣ್ಣಿಗೆ ಬರಲಿಲ್ಲವೆಂದು ಊರಲ್ಲಿ ಯಾರೂ ಏನೂ ಅನ್ನಲಿಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಹಾಕು. ಡಾಕ್ಟರು ಬೆಟ್ಟ ಇಳಿಯಬಾರದು ಎಂದಮೇಲೆ ಮುಗಿಯಿತು. ಶವಪೆಟ್ಟಿಗೆಯ ನಿನ್ನ ಮೂಲೆಗೆ ನಿನ್ನ ಭಾವ ಹೆಗಲು ಕೊಟ್ಟರು. ಫೌಸ್ತಿನು ಕುಳ್ಳಗಿರುವುದರಿಂದ ಅಪ್ಪ ಸ್ವಲ್ಪ ಓರೆಯಾಗಿಯೇ ಹೋದರು.

ಅವರು ಕಟ್ಟಿಸಿದ ಸೇತುವೆಯ ಮೇಲೆ ಎಲ್ಲರೂ ನಿಂತಾಗ ಪಾದ್ರಿಗಳು, ಈ ಸೇತುವೆಗಾಗಿಯೇ ರಾಜರು ಇವರಿಗೆ ವಿಸ್ಕೊಂಡೆ ಎಂಬ ಬಿರುದು ಕೊಟ್ಟು ಕುಲೀನರ ಸಾಲಿಗೆ ಸೇರಿಸಿದರು ಎಂದು ಗಂಭೀರವಾಗಿ ಶುರು ಮಾಡಿದರು. ನನ್ನ ಹಿಂದೆ ಗಿರಣಿಯವನ ಹೆಂಡತಿ ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಸೇತುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಆ ಮನೇಲಿ ಮಾಡಿದ ಲಾಂಪ್ರೇ ಮೀನಿನ ಅನ್ನಕ್ಕೆ ಕೊಟ್ಟಿದ್ದು. ರಾಜರು ಮೂರು ತಟ್ಟೆ ತಿಂದಿದ್ರಂತೆ!" ಅಪ್ಪನ ಪೆಟ್ಟಿಗೆಯ ಮುಂದೆ ನನಗೆ ನಗು ಬಂತು, ದೀನು. ಮುಸುಕು ಎಳೆದುಕೊಂಡೆ, ಅತ್ತಳೆಂದು ಜನ ತಿಳಿದರು. ಆಮೇಲೆ ನಿಜವಾಗಿಯೂ ಅತ್ತೆ.

ಈಗ ಒಂದು ವಿಷಯ. ಅಪ್ಪನ ಮೇಜಿನಲ್ಲಿ ತಗಡಿನ ಕೊಳವೆಯೊಂದಿತ್ತಲ್ಲ, ನಮ್ಮನ್ನು ಮುಟ್ಟಗೊಡದೆ ಇಟ್ಟಿದ್ದು? ಅದರೊಳಗೆ ಬಿರುದಿನ ರಾಜಪತ್ರ ಇತ್ತು. ಫೌಸ್ತಿನು ನೋಟರಿಯಲ್ಲವೇ, ಕನ್ನಡಕ ಏರಿಸಿಕೊಂಡು ಊಟದ ಮೇಜಿನಲ್ಲೇ ಓದಿದರು. ಬೊರ್ನಾಲಿನ ವಿಸ್ಕೊಂಡೆ ಎಂಬ ಬಿರುದನ್ನು ಕೊಟ್ಟಿರುವುದು ಎರಡು ಜೀವಕ್ಕೆ. ಕೇವಲ ಎರಡಕ್ಕೆ! ನಾವೆಲ್ಲ ಅದು ಭೂಮಿ ಇರುವ ತನಕ ಇರುತ್ತದೆ ಎಂದುಕೊಂಡಿದ್ದೆವು, ಅಪ್ಪ ಹಾಗೆಯೇ ಅಂದುಕೊಳ್ಳಲು ಬಿಟ್ಟಿದ್ದರು. ಅಮ್ಮ ಮಾತ್ರ ಹೆಣಿಗೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತು.

ಮೊದಲ ಜೀವ ಅಪ್ಪನದು, ಅದು ಮುಗಿಯಿತು. ಇನ್ನೊಂದು ಉಳಿದಿದೆ. ನಾವು ಯಾರ ಹೆಸರು ಕಳಿಸುತ್ತೇವೋ ಅವರು ಬದುಕಿರುವ ತನಕ ಬಿರುದು, ಅವರ ಹಿಂದೆಯೇ ಅದೂ ಹೋಗುತ್ತದೆ. ಒಂದು ವರ್ಷ ಒಂದು ದಿನದೊಳಗೆ ಹೆಸರು ಲಿಸ್ಬನ್ ಮುಟ್ಟಬೇಕು. ಮಗನಾದ್ದರಿಂದ ಹಕ್ಕು ನಿನ್ನದು. ನೀನು ಬೇಡವೆಂದು ಬರೆದುಕೊಟ್ಟರೆ ಮಾತ್ರ ನನ್ನ ಮಗ ಆಯ್ರೆಸ್‌ಗೆ. ಅವನಿಗೆ ಐದು ವರ್ಷ, ಬೂಟಿನ ಲಾಡಿ ಕಟ್ಟಲು ಬರುವುದಿಲ್ಲ.

ಅಮ್ಮ ಈ ಬಗ್ಗೆ ಏನೂ ಹೇಳಿಲ್ಲ. ನೀನು ಹೊಸ ವಿಸ್ಕೊಂಡೆಯಾಗಿ ರಾಜರ ಕೈಗೆ ಮುತ್ತಿಡಲು ಹೋಗುವಾಗ ಕರಿ ಕೋಟು ಬೇಕು. ಭುಜ, ಎದೆ, ತೋಳು, ಮೂರರ ಅಳತೆಗೂ ಒಂದೇ ದಾರದಲ್ಲಿ ಮೂರು ಗಂಟು ಹಾಕಿ ಕಳಿಸು.

ನಿನ್ನ ಅಕ್ಕ,
ಲೆಯೊಕಾದಿಯಾ


ಎಸ್ಟ್ರೇಲಾ ಬೆಟ್ಟ, 2 ಡಿಸೆಂಬರ್ 1908

ಅಕ್ಕಾ,

ನಿನ್ನ ಪತ್ರ ಓದಿ ನಾನೂ ನಕ್ಕು ಅತ್ತೆ. ನಾವಿಬ್ಬರೂ ಒಂದೇ ಕ್ರಮದಲ್ಲಿ ಮಾಡುತ್ತೇವೆ ನೋಡು.

ಈ ಕ್ಷಯದ ಆಸ್ಪತ್ರೆಯಲ್ಲಿ ನನಗೆ ಏನೂ ಕಡಿಮೆಯಿಲ್ಲ. ಬೆಳಗಾದರೆ ವರಾಂಡದಲ್ಲಿ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ ನಾಲ್ಕು ನಾಲ್ಕು ಕಂಬಳಿ ಹೊದಿಸುತ್ತಾರೆ. ಮೂಗು ಮಾತ್ರ ಹೊರಗೆ, ಉಪ್ಪುಮೀನು ಒಣಗಲು ಇಟ್ಟ ಹಾಗೆ. ದಿನಕ್ಕೆ ಐದು ಸಲ ಹಾಲು, ಆರು ಹಸಿ ಮೊಟ್ಟೆ, ನಾಲ್ಕು ಸಲ ಬಾಯಿಗೆ ಥರ್ಮಾಮೀಟರು. ಮಾತಾಡಬಾರದು, ನಗಬಾರದು, ಸಿಟ್ಟಾಗಬಾರದು. ನಾನು ದಪ್ಪಗಾಗುತ್ತಿದ್ದೇನೆ. ಇಲ್ಲಿಯ ತೋಟಗಾರ ಸಿಲ್ವೆಸ್ತ್ರೆ ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ, ಅಂಥವನೇ ಮೊನ್ನೆ "ಧಣಿ, ನೀವು ನನ್ನನ್ನೂ ಮೀರಿಸ್ತೀರಿ" ಎಂದ.

ಬಿರುದಿನ ವಿಷಯ. ಅಪ್ಪ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದನ್ನು ಕೇಳಿ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು! ಆದರೆ ಅಕ್ಕಾ, ಇಡೀ ದಿನ ಮಲಗಿರುವವನಿಗೆ ವಿಸ್ಕೊಂಡೆಗಿರಿ ಯಾಕೆ? ನನಗೆ ಮೊದಲಿನಿಂದಲೂ ಸೋಮಾರಿತನ, ರಾಜರ ಮುಂದೆ ಬಾಗಿದರೆ ಸೊಂಟ ಹಿಡಿಯುತ್ತದೆ. ಆಯ್ರೆಸ್ ಹೆಸರನ್ನೇ ಕಳಿಸಿಬಿಡಬಾರದೇ? ಲಾಡಿ ಕಟ್ಟಲು ಬಾರದ ವಿಸ್ಕೊಂಡೆಗಳು ಲಿಸ್ಬನ್ನಿನಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ.

ದಾರ ಒಳಗಿದೆ. ಕೋಟು ನನಗೆ ಹೇಗೂ ಬೇಕು.

ದೀನು


ಬೊರ್ನಾಲ್, 7 ಜನವರಿ 1909

ಪ್ರೀತಿಯ ದೀನು,

ದಾರ ತಲುಪಿತು. ದರ್ಜಿ ಎಲ್ಯೂತೇರಿಯು ಅದನ್ನು ಮೇಜಿನ ಮೇಲೆ ಹಾಸಿ, ಗಂಟುಗಳನ್ನು ಮೂರು ಸಲ ಎಣಿಸಿ, "ಬೆಟ್ಟದ ಗಾಳಿ ಭಾರೀ ಒಳ್ಳೇದು ಅಮ್ಮಾವ್ರೇ, ಚಿಕ್ಕ ಧಣಿಗಳ ತೋಳು ನಾಲ್ಕು ಬೆರಳು ಬೆಳೆದಿದೆ" ಎಂದ. ನನಗೂ ಸಂತೋಷವಾಯಿತು. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ತೋಳು ಬೆಳೆಯುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಅದೇ ಅಳತೆಗೆ ಬಟ್ಟೆ ಕತ್ತರಿಸಲು ಹೇಳಿದ್ದೇನೆ.

ಮೊನ್ನೆ ಮೂವರು ರಾಜರ ಹಬ್ಬಕ್ಕೆ ಹಾಡುವವರು ಬಂದು ಬಾಗಿಲಲ್ಲಿ ಮನೆಯವರೆಲ್ಲರ ಹೆಸರು ಕೂಗಿ ಹರಸಿದರು. ಪದ್ಧತಿಯಂತೆ ಮೊದಲು ಮನೆಯ ಯಜಮಾನನ ಹೆಸರು. ಯಾರ ಹೆಸರು ಕೂಗುವುದೆಂದು ಅವರಿಗೆ ತಿಳಿಯದೆ ನನ್ನನ್ನೇ ಕೇಳಿದರು. ನಾನು ನಿನ್ನ ಪೂರ್ತಿ ಹೆಸರು ಹೇಳಿ "ಬೆರ್ನಾರ್ದಿನು" ಎಂದೆ. ಕೂಗಿದರು. ಅಮ್ಮ ಎದ್ದು ಒಳಗೆ ಹೋದಳು, ಚಳಿಗೆ ಇರಬೇಕು.

ಆಯ್ರೆಸ್ ವಿಷಯ ಬರೆದಿದ್ದೀಯ. ಅದು ಆಮೇಲೆ ನೋಡೋಣ. ಅಮ್ಮ ನಿನ್ನನ್ನು ಕೇಳಿದ್ದಾಳೆ.

ಲೆಯೊಕಾದಿಯಾ


ಎಸ್ಟ್ರೇಲಾ ಬೆಟ್ಟ, 21 ಫೆಬ್ರವರಿ 1909

ಅಕ್ಕಾ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಶಾಯಿ ಹೆಪ್ಪುಗಟ್ಟಿದೆ. ಅಕ್ಷರ ವಕ್ರವಾಗಿದ್ದರೆ ಚಳಿಯನ್ನು ಬೈದುಕೋ.

ಇದರ ಜೊತೆ ಒಂದು ಕಾಗದ ಇದೆ. ಎರಡನೆಯ ಜೀವದ ಹಕ್ಕನ್ನು ಅಳಿಯ ಆಯ್ರೆಸ್‌ಗೆ ಬಿಟ್ಟುಕೊಟ್ಟಿದ್ದೇನೆ. ಅಕ್ಕಪಕ್ಕದ ಹಾಸಿಗೆಯ ಇಬ್ಬರು ಸಾಕ್ಷಿ ಹಾಕಿದ್ದಾರೆ, ಒಬ್ಬರು ನಿವೃತ್ತ ಜಡ್ಜಿ, ಆದ್ದರಿಂದ ಭಾವನಿಗೂ ತಪ್ಪು ಸಿಗಲಾರದು. ಇದು ಪೂರ್ತಿ ನನ್ನದೇ ಯೋಚನೆ, ಯಾರೂ ಹೇಳಿ ಮಾಡಿಸಿದ್ದಲ್ಲ. ಕಾರಣ ಕೇಳಬೇಡ. ಸೋಮಾರಿತನ ಎಂದು ಆಗಲೇ ಹೇಳಿದ್ದೇನೆ.

ಭಾವನ ಕೈಗೆ ಕೊಟ್ಟು ಬೇಗ ಲಿಸ್ಬನ್ನಿಗೆ ಕಳಿಸು. ಬೇಗ.

ದೀನು


ಬೊರ್ನಾಲ್, 1 ಮಾರ್ಚ್ 1909

ಪ್ರೀತಿಯ ದೀನು,

ನಿನ್ನ ಕಾಗದ ಬಂತು. ಫೌಸ್ತಿನು ನೋಡಿದರು. ತಪ್ಪು ಸಿಗಲಿಲ್ಲ ಎಂದರು. ಲಿಸ್ಬನ್ನಿಗೆ ನಾಳೆಯೇ ಟಪಾಲು ಹೋಗುತ್ತದೆ, ನೀನು ನಿಶ್ಚಿಂತೆಯಿಂದಿರು.

ಹೊಳೆಯಲ್ಲಿ ಲಾಂಪ್ರೇ ಬಂದಿವೆ. ಅಡುಗೆಯ ಜೆನೊವೇವಾ ಮೊದಲನೆಯದನ್ನು ಹಿಡಿದುಕೊಂಡು ಅದಕ್ಕೇ ಹೇಳುತ್ತಿದ್ದಳು: "ನಿನ್ನಜ್ಜನಿಂದಾಗಿ ಈ ಮನೆಗೆ ಕಿರೀಟ ಬಂತು ಕಣೋ, ಗೌರವವಾಗಿ ಸಾಯಿ." ನಿನ್ನ ಪಾಲು ಪಾತ್ರೆಯ ತಳದಲ್ಲಿ ಉಳಿಯಿತು. ಆಯ್ರೆಸ್ ತಿನ್ನಲು ಬಂದ, ಕೈಗೆ ಒಂದು ಪೆಟ್ಟು ಕೊಟ್ಟು ಕಳಿಸಿದೆ. ಆಮೇಲೆ ನನಗೇ ಬೇಜಾರಾಗಿ ತಿನ್ನಿಸಿದೆ.

ಚಳಿ ಕಡಿಮೆಯಾದ ಮೇಲೆ ಶಾಯಿಯಲ್ಲಿ ಬರೆ.

ಲೆಯೊಕಾದಿಯಾ


ಬೊರ್ನಾಲ್, 12 ಏಪ್ರಿಲ್ 1909

ದೀನು,

ಈಸ್ಟರ್ ಆಯಿತು. ನಿನ್ನ ಪತ್ರವಿಲ್ಲ. ಮರೆತಿರಬೇಕು ಎಂದುಕೊಂಡಿದ್ದೇನೆ. ಕೋಟು ತಯಾರಾಗಿದೆ, ಚೆನ್ನಾಗಿದೆ, ಒಳಗೆ ರೇಷ್ಮೆ ಹಾಕಿಸಿದ್ದೇನೆ.

ಅಕ್ಕ


ಬೊರ್ನಾಲ್, 4 ಮೇ 1909

ದೀನು,

ಒಂದು ಸಾಲು. ಪೆನ್ಸಿಲಾದರೂ ಸರಿ, ಬೇರೆಯವರ ಕೈಯಾದರೂ ಸರಿ.

ಅಕ್ಕ


ಎಸ್ಟ್ರೇಲಾ ಬೆಟ್ಟ, 30 ಮೇ 1909

ಲೆಯೊಕಾದಿಯಾ,

ಇವತ್ತು ಬೆಳಿಗ್ಗೆ ಸಿಲ್ವೆಸ್ತ್ರೆ ನನ್ನ ಮಂಚದ ಮುಂದೆ ನಿಂತು ಟೋಪಿ ತೆಗೆದ. "ವಿಸ್ಕೊಂಡೆಯವರಿಗೆ ನಮಸ್ಕಾರ" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. "ಇಲ್ಲ ಧಣಿ, ಸರ್ಕಾರದ ಗೆಜೆಟಲ್ಲಿ ಬಂದಿದೆಯಂತೆ, ಡಾಕ್ಟರೇ ಓದಿದ್ರು. ಅಡುಗೆ ಮನೇಲೆಲ್ಲ ಅದೇ ಮಾತು." ತರಿಸಿ ನೋಡಿದೆ. ಬೊರ್ನಾಲಿನ ವಿಸ್ಕೊಂಡೆ ಬಿರುದಿನ ಎರಡನೆಯ ಮತ್ತು ಕೊನೆಯ ಜೀವ, ಬೆರ್ನಾರ್ದಿನು. ಆಯ್ರೆಸ್ ಅಲ್ಲ. ನಾನು!

ನೀನು ಏನು ಮಾಡಿದ್ದೀಯ ಎಂದು ನಿನಗೆ ಗೊತ್ತೇ? ಉಳಿದಿದ್ದು ಒಂದೇ ಒಂದು. ಐದು ವರ್ಷದ ಹುಡುಗನಿಗೆ ಕೊಟ್ಟಿದ್ದರೆ ಅರುವತ್ತು ವರ್ಷ ಬಾಳುತ್ತಿತ್ತು. ಅದನ್ನು ತಂದು ನನ್ನ ಮೇಲೆ ಸುರಿದಿದ್ದೀಯ. ನನ್ನ ಸಹಿಯ ಕಾಗದ ಏನು ಮಾಡಿದೆ, ಒಲೆಗೆ ಹಾಕಿದೆಯಾ? ಭಾವ ಇದಕ್ಕೆ ಹೇಗೆ ಒಪ್ಪಿದರು?

ನನ್ನ ಬಾಯಿಂದ ಹೇಳಿಸಬೇಕೆಂದಿದ್ದರೆ ಕೇಳು. ಶಾಯಿ ಹೆಪ್ಪುಗಟ್ಟಿರಲಿಲ್ಲ. ಲೇಖನಿ ಹಿಡಿಯಲು ಆಗುತ್ತಿರಲಿಲ್ಲ. ಈಸ್ಟರ್ ವಾರದಲ್ಲಿ ಬಾಯಿಂದ ರಕ್ತ ಬಂತು, ಬೋಗುಣಿ ತುಂಬ. ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದರು. ಈಗ ನಲವತ್ತೇಳು ಕಿಲೋ ಇದ್ದೇನೆ. ಬರುವ ಚಳಿಗಾಲ ನೋಡುತ್ತೇನೆಯೇ ಎಂದು ಡಾಕ್ಟರನ್ನು ಕೇಳಿದೆ, ಅವರು ಎದ್ದು ಹೋಗಿ ಕಿಟಕಿಯ ಚಿಲಕ ಸರಿಯಾಗಿದೆಯೇ ಎಂದು ನೋಡಿದರು. ನಾನು ಕಳಿಸಿದ ದಾರ ಸಿಲ್ವೆಸ್ತ್ರೆಯದು. ಅವನ ಎದೆ ಸುತ್ತಿ ಗಂಟು ಹಾಕಿದ್ದು.

ಅಪ್ಪ ಸೇತುವೆಯ ಕಲ್ಲು ಕಲ್ಲೂ ನಿಂತು ಕಟ್ಟಿಸಿದ್ದು ಹೀಗೆ ಆರು ತಿಂಗಳಲ್ಲಿ ಮುಗಿದುಹೋಗಲಿ ಎಂದಲ್ಲ. ನಿನಗೆ ಮಗನ ಮೇಲೆ ಕನಿಕರ ಬೇಡವೇ?

ಬೆರ್ನಾರ್ದಿನು


ಬೊರ್ನಾಲ್, 9 ಜೂನ್ 1909

ನನ್ನ ಮುದ್ದು ದೀನು,

ಬೈದು ಮುಗಿಸಿದೆಯಾ? ಶಾಯಿಯಲ್ಲಿ ಬೈದಿದ್ದೀಯ, ಎರಡು ಹಾಳೆ. ನನಗೆ ಅಷ್ಟೇ ಸಾಕು. ಪತ್ರ ಎದೆಗೊತ್ತಿಕೊಂಡು ಜೆನೊವೇವಾ ಮುಂದೆಯೇ ಕುಣಿದೆ.

ದಾರ ನಿನ್ನದಲ್ಲವೆಂದು ನನಗೆ ಗೊತ್ತಿತ್ತು, ಕತ್ತೆ. ನಿನ್ನನ್ನು ಹತ್ತು ವರ್ಷ ಸ್ನಾನ ಮಾಡಿಸಿದವಳು ನಾನು. ಎಲ್ಯೂತೇರಿಯುಗೂ ಗೊತ್ತಿತ್ತು, ಪಾಪ, ನನ್ನ ಮುಖ ನೋಡಿ ಬೆಟ್ಟದ ಗಾಳಿಯ ಮೇಲೆ ಹಾಕಿದ. ಅವತ್ತೇ ನಿರ್ಧಾರ ಮಾಡಿದೆ.

ಈಗ ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ರಾಜಪತ್ರ ಓದಿದ ಸಂಜೆ ಅಮ್ಮ ಏನೂ ಹೇಳಲಿಲ್ಲವೆಂದು ಬರೆದಿದ್ದೆ. ಸುಳ್ಳು. ಹೆಣಿಗೆ ಕೆಳಗಿಟ್ಟು ಹೇಳಿದಳು: "ಆಯ್ರೆಸ್ ಹೆಸರು ಕಳ್ಸಿ. ದೀನುಗೆ ನಾನು ಬರೀತೀನಿ." ನಾನು ಬೇಡವೆಂದೆ. ಜಗಳವಾಯಿತು. "ನಿಮ್ಮಪ್ಪ ಸತ್ತು ತಿಂಗಳಾಗಿಲ್ಲ. ಅವರ ಹೆಸರೂ ವರ್ಷದೊಳಗೆ ಸಾಯ್ಬೇಕಾ? ನಾನು ಎರಡೆರಡು ಸಲ ವಿಧವೆ ಆಗ್ಬೇಕಾ?" ಎಂದಳು. ಅವಳೂ ಕಲ್ಲಲ್ಲ ದೀನು, ಅಪ್ಪನ ಟೋಪಿ ಇನ್ನೂ ಗೂಟದಲ್ಲೇ ಇದೆ. ಆದರೂ ಜನವರಿಯಲ್ಲಿ ನಿನಗೆ ಬರೆದ ಕಾಗದ ಹಿಡಿದು ತಾನೇ ಟಪಾಲು ಕಚೇರಿಗೆ ನಡೆದುಹೋದಳೆಂದು ಜೆನೊವೇವಾ ಹೇಳಿದಾಗ ನನಗೆ ಬಹಳ ಸಿಟ್ಟು ಬಂತು. ನೀನು "ಪೂರ್ತಿ ನನ್ನದೇ ಯೋಚನೆ" ಎಂದು ಬರೆದೆಯಲ್ಲ, ಅವಳನ್ನು ಬಿಟ್ಟುಕೊಡಲಿಲ್ಲ. ಅದಕ್ಕೆ ನಿನ್ನ ಮೇಲೆ ಇನ್ನೂ ಪ್ರೀತಿ ಬಂತು, ಇನ್ನೂ ಸಿಟ್ಟು ಬಂತು.

ನಿನ್ನ ಕಾಗದ ಒಲೆಗೆ ಹೋಗಿಲ್ಲ. ನಿನ್ನ ಕೋಟಿನ ಒಳಜೇಬಿನಲ್ಲಿದೆ. ಫೌಸ್ತಿನು ಅದನ್ನು ನೋಡಿ, ನನ್ನನ್ನು ನೋಡಿ, "ಇದನ್ನ ಕಳಿಸಿದ್ರೆ ನಮ್ಮ ಮಗ ವಿಸ್ಕೊಂಡೆ. ಯೋಚನೆ ಮಾಡಿದ್ದೀಯಾ?" ಎಂದರು. ಮಾಡಿದ್ದೇನೆ ಎಂದೆ. "ಹಾಗಾದ್ರೆ ಬೇರೆ ಹಾಳೆ ಕೊಡು" ಎಂದು ನಿನ್ನ ಹೆಸರಲ್ಲಿ ಅರ್ಜಿ ಬರೆದು ಮುದ್ರೆ ಒತ್ತಿದರು. ಕುಳ್ಳ ಮನುಷ್ಯ, ಆದರೆ ಅವತ್ತು ಬಹಳ ಎತ್ತರ ಕಂಡರು.

ಯಾಕೆ ಮಾಡಿದೆ ಎಂದು ಕೇಳಿದ್ದೀಯ. ಆ ಕಾಗದ ಲಿಸ್ಬನ್ನಿಗೆ ಹೋಗಿದ್ದರೆ ಆ ದಿನದಿಂದ ನಾವೆಲ್ಲ ನಿನ್ನ ಸಾವನ್ನು ಒಪ್ಪಿ ಸಹಿ ಹಾಕಿದ ಹಾಗೆ. ನಾನು ಒಪ್ಪಿಲ್ಲ. ಈ ಮನೆಯಲ್ಲಿ ಒಂದು ಜೀವ ಉಳಿದಿದೆ ಎಂದರೆ ಅದು ನಿನ್ನದಾಗಲಿ. ಆಯ್ರೆಸ್‌ಗೆ ಬಿರುದು ಹೋದರೆ ಏನೂ ಹೋಗಲಿಲ್ಲ. ಅವನಿಗೆ ಮಾವ ಬೇಕು.

ಕೊನೆಯದು ಕೇಳು, ನಗು ಬರುತ್ತದೆ. ಗೆಜೆಟ್ ಬಂದಮೇಲೆ ಅಮ್ಮ ಒಂಬತ್ತು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹತ್ತನೆಯ ದಿನ ಸೂಪಿನ ತಟ್ಟೆ ಮುಂದಿಟ್ಟುಕೊಂಡು, "ಆ ಬೆಟ್ಟದಲ್ಲಿ ತಾಜಾ ಮೊಟ್ಟೆ ಸಿಗ್ತದಾ?" ಎಂದಳು.

"ಯಾಕಮ್ಮಾ?"

"ಬಿರುದು ಈಗ ಅವನ ಎದೆ ಮೇಲೆ ಕೂತಿದೆ ತಾನೇ? ಅವನಿರೋ ತನಕ ಅದು ತಾನೇ? ಹಾಗಾದ್ರೆ ಆ ಎದೆ ನೋಡ್ಕೊಳ್ಳೋದು ನನ್ನ ಕೆಲ್ಸ. ಡಾಕ್ಟರಿಗೆ ಬಿಟ್ರೆ ಆದ ಹಾಗೇ."

ಬರುವ ಗುರುವಾರ ಹೊರಡುತ್ತಾಳೆ. ಆರು ಕೋಳಿ, ಒಂದು ಇಡೀ ಹಂದಿತೊಡೆ, ಕ್ವಿನ್ಸ್ ಹಣ್ಣಿನ ಹಲ್ವ ಮೂರು ಡಬ್ಬಿ. ತಡೆಯಲು ನನ್ನಿಂದಾಗಲಿಲ್ಲ, ಮನಸ್ಸೂ ಇರಲಿಲ್ಲ.

ಕೋಟು ಸಿಲ್ವೆಸ್ತ್ರೆ ಅಳತೆಯದೇ ಇದೆ. ಅದಕ್ಕೆ ತುಂಬುವಷ್ಟು ನೀನು ಬೆಳೆದುಕೊಂಡು ಬಾ.

ಅಕ್ಕ


ಎಸ್ಟ್ರೇಲಾ ಬೆಟ್ಟ, 15 ಆಗಸ್ಟ್ 1909

ಅಕ್ಕಾ,

ಎರಡು ತಿಂಗಳು ಬರೆಯದಿದ್ದುದಕ್ಕೆ ಈ ಸಲ ಕಾರಣ ರೋಗವಲ್ಲ, ಅಮ್ಮ. ಬರೆದರೆ ಸುಸ್ತಾಗುತ್ತದೆ ಎಂದು ಲೇಖನಿಯನ್ನೇ ಎತ್ತಿಟ್ಟಿದ್ದಳು. ಅವಳು ಇವತ್ತು ದೇವಮಾತೆಯ ಹಬ್ಬದ ಪೂಜೆಗೆ ಹೋಗಿದ್ದಾಳೆ, ಕದ್ದು ಬರೆಯುತ್ತಿದ್ದೇನೆ.

ಬಂದ ದಿನವೇ ಡಾಕ್ಟರ ಜೊತೆ ಜಗಳ. "ಕೋಳಿನೆಲ್ಲ ಆಸ್ಪತ್ರೆ ಒಳಗೆ ಬಿಡೋಕಾಗಲ್ಲ ತಾಯೀ" ಎಂದರು ಅವರು. "ಬೇಡ ಬಿಡಿ. ನೀವು ಒಳಗಿರಿ, ಅವು ಹೊರಗಿರ್ತಾವೆ" ಎಂದಳು. ಈಗ ಸಿಲ್ವೆಸ್ತ್ರೆ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ, ಕೋಳಿಗಳು ಅವನ ಎಲೆಕೋಸಿನ ಪಾತಿಯಲ್ಲಿ. ಅವನು ದಿನಾ ಬಂದು ನನ್ನ ಹತ್ತಿರ ದೂರು ಹೇಳುತ್ತಾನೆ: "ನಿಮ್ಮ ಬಿರುದು ನನ್ನ ತೋಟ ತಿಂತಾ ಇದೆ ಧಣಿ."

ನಾನು ತಿನ್ನಲು ಹಟ ಮಾಡಿದರೆ "ವಿಸ್ಕೊಂಡೆಯವರೇ, ಮೊಟ್ಟೆ!" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗುತ್ತಾಳೆ. ನಾಚಿಕೆಗೆ ನುಂಗುತ್ತೇನೆ. ಜ್ವರ ಏರಿದ ದಿನ ಮಾತ್ರ "ದೀನು" ಎನ್ನುತ್ತಾಳೆ. ಆದ್ದರಿಂದ ನನಗೀಗ ಥರ್ಮಾಮೀಟರು ಬೇಕಿಲ್ಲ.

ಮೊದಲ ವಾರ ನಮ್ಮಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ, ಹಾಲು ಕಾಯಿಸುತ್ತಾ ನನ್ನ ಕಡೆ ತಿರುಗದೆ ಕೇಳಿದಳು: "ಜನವರೀಲಿ ನಾನು ಬರ್ದಿದ್ದ ಕಾಗ್ದ ಇಟ್ಕೊಂಡಿದ್ದೀಯಾ?"

"ಇದೆ."

"ಕೊಡಿಲ್ಲಿ."

ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟೆ. ಹಾಲಿನ ಪಾತ್ರೆಯ ಕೆಳಗೆ ಒಲೆಗೆ ತಳ್ಳಿದಳು. ಅದು ಉರಿದು ಮುಗಿಯುವ ತನಕ ನೋಡಿ, "ಬಿಸಿ ಆಯ್ತು, ಕುಡಿ" ಎಂದಳು. ಅಷ್ಟೇ. ನಾನು ಕುಡಿದೆ. ಅವಳ ಮೂಗಿನ ತುದಿ ಕೆಂಪಾಗಿತ್ತು, ಹೊಗೆಗೆ ಎಂದಳು.

ಅವಳು ಬಂದಿರುವುದು ಬಿರುದಿಗಾಗಿ, ನನಗೆ ಗೊತ್ತು. ಇರಲಿ. ಯಾವುದಕ್ಕೆ ಬಂದರೂ ಬಂದಳಲ್ಲ.

ನಲವತ್ತೊಂಬತ್ತು ಕಿಲೋ. ಇದು ನನ್ನದೇ ತೂಕ, ಸಿಲ್ವೆಸ್ತ್ರೆಯದಲ್ಲ.

ಮೇ ತಿಂಗಳ ಪತ್ರದಲ್ಲಿ ನಿನ್ನನ್ನು ಹೆಸರು ಹಿಡಿದು ಕರೆದಿದ್ದೆ. ಅದನ್ನು ಹರಿದು ಹಾಕು ಅಕ್ಕಾ.

ದೀನು


ಎಸ್ಟ್ರೇಲಾ ಬೆಟ್ಟ, 6 ಮಾರ್ಚ್ 1910

ಅಕ್ಕಾ,

ನೀನು ಎಣ್ಣೆಯಲ್ಲಿಟ್ಟು ಕಳಿಸಿದ ಲಾಂಪ್ರೇ ಬಂತು. ಅಮ್ಮ ಅನ್ನ ಮಾಡಿದಳು. ಜಡ್ಜಿ ಸಾಹೇಬರೂ ಒಂದು ತಟ್ಟೆ ತಿಂದು, ಇಂಥ ಅಡುಗೆಗೆ ಎರಡಲ್ಲ, ನಾಲ್ಕು ಜೀವ ಕೊಡಬೇಕಿತ್ತು ಎಂದು ತೀರ್ಪು ಕೊಟ್ಟರು. ನಾನು ಎರಡು ತಟ್ಟೆ. ರಾಜರನ್ನು ಮೀರಿಸಲು ಇನ್ನೂ ಎರಡು ಬೇಕು.

ಚಳಿಗಾಲ ನೋಡಿದೆ. ಡಾಕ್ಟರು ಕಿಟಕಿಯ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಐವತ್ತೇಳು ಕಿಲೋ.

ದೀನು


ಬೊರ್ನಾಲ್, 24 ಅಕ್ಟೋಬರ್ 1910

ಪ್ರೀತಿಯ ದೀನು,

ಲಿಸ್ಬನ್ನಿನ ಸುದ್ದಿ ನಿಮ್ಮ ಬೆಟ್ಟಕ್ಕೂ ಬಂದಿರಬೇಕು. ರಾಜರು ಹಡಗು ಹತ್ತಿ ಹೋದರು, ಗಣರಾಜ್ಯವಾಯಿತು. ನಮ್ಮಲ್ಲಿ ಗಿರಣಿಯವನು ಗಣರಾಜ್ಯದ ಬಾವುಟವೆಂದು ಹಸಿರು ಕೆಂಪು ಬಟ್ಟೆ ಏರಿಸಿದ, ಪಾದ್ರಿಗಳು ಎರಡು ದಿನ ಹೊರಗೆ ಬರಲಿಲ್ಲ, ಅಷ್ಟೇ.

ಆದರೆ ಇನ್ನೊಂದು ಸುದ್ದಿ ಇದೆ. ಈ ತಿಂಗಳ ನಡುವೆ ಹೊಸ ಸರ್ಕಾರ ಆಜ್ಞೆ ಹೊರಡಿಸಿದೆ. ಬಿರುದುಗಳೆಲ್ಲ ರದ್ದು. ಡ್ಯೂಕರಿಂದ ಹಿಡಿದು ಬೊರ್ನಾಲಿನ ತನಕ ಎಲ್ಲ. ಫೌಸ್ತಿನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿದರು. ಅಪ್ಪನ ಬಿರುದು ಇನ್ನಿಲ್ಲ, ದೀನು. ನಿನಗೆ ಕೊಟ್ಟಿದ್ದರೂ ಹೋಗುತ್ತಿತ್ತು, ಆಯ್ರೆಸ್‌ಗೆ ಕೊಟ್ಟಿದ್ದರೂ ಹೋಗುತ್ತಿತ್ತು. ನಾವೆಲ್ಲ ಎಷ್ಟು ಜಗಳವಾಡಿದೆವು!

ಆಯ್ರೆಸ್ ಕೇಳಿದ, "ಹಾಗಾದ್ರೆ ಮಾವ ಈಗ ಯಾರು?" ಎಂದು. ನಿನ್ನ ಮಾವ ಎಂದೆ. "ಅದು ಮೊದ್ಲೇ ಇತ್ತಲ್ಲ" ಎಂದು ಹೊರಗೆ ಓಡಿದ. ಲಾಡಿ ಕಟ್ಟಿಕೊಳ್ಳಲು ಕಲಿತಿದ್ದಾನೆ.

ನನಗೆ ಒಂದೇ ಹೆದರಿಕೆ. ಅಮ್ಮನಿಗೆ ಹೇಳಬೇಡ. ಅವಳು ಬೆಟ್ಟದ ಮೇಲೆ ಹದಿನಾರು ತಿಂಗಳಿಂದ ನಿಂತಿರುವುದು ಆ ಬಿರುದಿನ ಬಲದ ಮೇಲೆ. ಅದು ಹೋಯಿತೆಂದು ತಿಳಿದರೆ ಅವಳ ಎದೆ ಒಡೆದೀತು. ಕೋಳಿ ಕಟ್ಟಿಕೊಂಡು ಹೊರಟುಬಂದರೆ ನಿನ್ನ ಗತಿ? ಇನ್ನೊಂದು ಚಳಿಗಾಲ ಎದುರಿಗಿದೆ. ಪತ್ರಿಕೆ ಅವಳ ಕೈಗೆ ಸಿಗದ ಹಾಗೆ ನೋಡಿಕೋ. ಸಿಲ್ವೆಸ್ತ್ರೆಗೂ ಹೇಳಿಡು.

ಅಕ್ಕ


ಎಸ್ಟ್ರೇಲಾ ಬೆಟ್ಟ, 2 ನವೆಂಬರ್ 1910

ಅಕ್ಕಾ,

ನಿನ್ನ ಪತ್ರದಿಂದಲೇ ನನಗೆ ತಿಳಿದದ್ದು. ರಾಜರು ಹೋದದ್ದು ಗೊತ್ತಿತ್ತು, ಬಿರುದಿನ ಆಜ್ಞೆ ಗೊತ್ತಿರಲಿಲ್ಲ. ಎರಡು ವಾರದಿಂದ ನನಗೆ ಪತ್ರಿಕೆಯೇ ಸಿಕ್ಕಿಲ್ಲ. ಕೇಳಿದರೆ ಮಂಜಿಗೆ ಟಪಾಲು ಗಾಡಿ ತಡ ಎನ್ನುತ್ತಿದ್ದರು. ದಾದಿಯರು, ಜಡ್ಜಿ ಸಾಹೇಬರು, ಡಾಕ್ಟರು ಸಹ ನನ್ನನ್ನು ಎಂದಿಗಿಂತ ಜೋರಾಗಿ "ವಿಸ್ಕೊಂಡೆಯವರೇ" ಎನ್ನುತ್ತಿದ್ದರು. ನನಗೆ ಇದೇನಪ್ಪಾ ಇವರ ಮರ್ಯಾದೆ ಹೆಚ್ಚಾಯಿತು ಎನಿಸಿತ್ತು. ನಿನ್ನ ಪತ್ರ ಮಡಚಿ ಕೋಳಿಗೂಡಿನ ಹತ್ತಿರ ಹೋದೆ. ಹೌದು, ನಡೆದುಕೊಂಡೇ ಹೋದೆ. ಗೂಡಿನ ತಳಕ್ಕೆ ಎರಡು ವಾರದ ಪತ್ರಿಕೆ ಹಾಸಿತ್ತು.

ಅಮ್ಮ ಮೊಟ್ಟೆ ಆರಿಸುತ್ತಿದ್ದಳು. ನಾನು ಪತ್ರಿಕೆ ನೋಡಿದ್ದನ್ನು ಅವಳು ನೋಡಿದಳು.

"ಅಮ್ಮಾ, ನಿನಗೊಂದು ವಿಷಯ ಹೇಳಬಾರದು ಅಂತ ಅಕ್ಕ ಬರೆದಿದ್ದಾಳೆ."

"ಬಿರುದು ಹೋಯ್ತು ಅಂತ ತಾನೇ?"

"ನಿನಗೆ ಯಾವಾಗ ಗೊತ್ತಾಯ್ತು?"

"ಹದಿನೆಂಟನೇ ತಾರೀಕು. ಸಿಲ್ವೆಸ್ತ್ರೆ ಓದಿ ಹೇಳ್ದ. ನಿನ್ನ ಕಿವಿಗೆ ಬಿದ್ರೆ ಅವನ ಎಲೆಕೋಸೆಲ್ಲ ಕೋಳಿಗೆ ಬಿಡ್ತೀನಿ ಅಂತ ಹೆದ್ರಿಸಿಟ್ಟಿದ್ದೆ. ಡಾಕ್ಟರಿಗೂ ಹೇಳಿದ್ದೆ."

"ಡಾಕ್ಟರನ್ನೂ ಹೆದರಿಸಿದೆಯಾ! ಯಾಕಮ್ಮಾ?"

"ನೀನು ಇಷ್ಟು ದಿನ ಹಟ ಹಿಡಿದು ಬದುಕಿದ್ದು ಅದಕ್ಕೇ ಅಲ್ವಾ, ಅಪ್ಪನ ಹೆಸರು ಉಳೀಲಿ ಅಂತ? ಅದಿಲ್ಲ ಅಂದ್ರೆ ಎಲ್ಲಿ ಹಾಲು ಬಿಡ್ತೀಯೋ ಅಂತ."

ನನಗೆ ನಗು ಬಂತು. ಇಲ್ಲಿ ನಗಬಾರದು, ಆದರೂ ನಕ್ಕೆ. ಕೆಮ್ಮು ಬರಲಿಲ್ಲ. "ನಾನು ಹಾಲು ಕುಡಿದಿದ್ದು ನಿನ್ನ ಕೂಗಿಗೆ. ಬಿರುದಿಗಾಗಿ ಬಂದವಳು ನೀನು. ಈಗ ಹೋಯ್ತಲ್ಲ, ಕೋಳಿ ಕಟ್ಕೊಂಡು ಹೊರಡು ಮತ್ತೆ" ಎಂದೆ.

ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಯಲ್ಲಿಟ್ಟಳು. "ಹದಿನೆಂಟರಿಂದ ಇವತ್ತಿನ ತನಕ ನಾನು ಯಾವ ವಿಸ್ಕೊಂಡೆಗೆ ಮೊಟ್ಟೆ ಬೇಯಿಸ್ತಿದ್ದೀನಿ ಅಂದ್ಕೊಂಡೆ? ಬಾಯ್ಮುಚ್ಕೊಂಡು ಒಳಗೆ ನಡಿ, ಥಂಡಿ ಇದೆ, ದೀನು."

ಜ್ವರ ಇರಲಿಲ್ಲ, ಅಕ್ಕಾ. ಆದರೂ ದೀನು ಎಂದಳು.

ಒಳಗೆ ಬಂದು ಕೂತು, ಜನವರಿಯ ಕಾಗದ ಬರೆಯುವ ಮೊದಲು ಮೂರು ದಿನ ಊಟ ಸೇರಲಿಲ್ಲವೆಂದು ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ಅದು ನಮ್ಮ ಮನೆಯ ಪದ್ಧತಿಯಲ್ಲ, ಇಬ್ಬರಿಗೂ ಸ್ವಲ್ಪ ಸಂಕೋಚವಾಯಿತು, ಆದರೂ ಇಬ್ಬರೂ ಬಿಡಲಿಲ್ಲ.

ಅರುವತ್ನಾಲ್ಕು ಕಿಲೋ ಇದ್ದೇನೆ. ಲಾಂಪ್ರೇ ಕಾಲಕ್ಕೆ, ಮಾರ್ಚ್ ಕೊನೆಯಲ್ಲಿ, ಮನೆಗೆ ಹೋಗಬಹುದೆಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಪೋರ್ತು ತನಕ ರೈಲು, ಅಲ್ಲಿಗೆ ಭಾವ ಗಾಡಿ ತರಲಿ. ಸೇತುವೆಯ ಈಚೆ ಇಳಿದು, ಅದರ ಮೇಲೆ ನಡೆದೇ ಬರುತ್ತೇನೆ. ಅಪ್ಪನ ಸಾವಿಗೆ ಬರದವನು ಅಷ್ಟಾದರೂ ಮಾಡಬೇಕು.

ರಾಜರಿಲ್ಲ, ಕೈಮುತ್ತಿಲ್ಲ, ಆದರೆ ಕೋಟು ಇದೆಯಲ್ಲ. ಒಳಜೇಬಿನ ಕಾಗದ ತೆಗೆದು ಆಯ್ರೆಸ್‌ಗೆ ದೋಣಿ ಮಾಡಿಕೊಡು. ಎಲ್ಯೂತೇರಿಯುಗೆ ಹೇಳಿ ತೋಳನ್ನು ನಾಲ್ಕು ಬೆರಳು ಕಡಿಮೆ ಮಾಡಿಸು, ಎದೆ ಸ್ವಲ್ಪ ಹಿಡಿಸು, ಬಹಳ ಬೇಡ. ಹೊಸ ದಾರ ಇದರೊಳಗಿದೆ.

ಈ ಸಲ ಅಳತೆ ನನ್ನದೇ. ಗಂಟು ಹಾಕಿದವಳು ಅಮ್ಮ.

ದೀನು